ತೆರೆಯ ಮೇಲಣ ಪಾಠ: ಪ್ರತ್ಯಕ್ಷವೋ ಶಬ್ದವೋ

ಕಂಪ್ಯೂಟರಿನ ತೆರೆಯ ಮೇಲೆ ಅಕ್ಷರಗಳು ಮೂಡುವ ಕ್ರಮವನ್ನೂ ಕರ್ಸರಿನ ಚಲನೆಯನ್ನೂ ಬೋಧಕನ ಧ್ವನಿಯೊಡನೆ ಯಥಾವತ್ತಾಗಿ ಸೆರೆಹಿಡಿದು ವಿದ್ಯಾರ್ಥಿಯ ಮುಂದಿಡುವ ಸ್ಕ್ರೀನ್ ರೆಕಾರ್ಡಿಂಗ್ ಎಂಬ ಉಪಾಯದಿಂದ ಹುಟ್ಟುವ ಜ್ಞಾನವು ಯಾವ ಜಾತಿಯದೆಂದು ನಮ್ಮ ನೈಯಾಯಿಕರನ್ನು ಕೇಳಿದ್ದರೆ ಅವರು ಏನೆನ್ನುತ್ತಿದ್ದರೋ! ಗೌತಮನ ನ್ಯಾಯಸೂತ್ರಗಳು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತವೆ. ಸಮೀಕರಣವೊಂದು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಲ್ಪಡುವುದನ್ನು ಹುಡುಗನು ಕಣ್ಣಾರೆ ಕಾಣುವನಾದಕಾರಣ ಇದು ಪ್ರತ್ಯಕ್ಷವೇ ಎಂದು ಮೊದಲಿಗೆ ತೋರುವುದು ಸಹಜ. ಆದರೆ ಅವನು ಕಾಣುತ್ತಿರುವುದು ಮತ್ತೊಬ್ಬನು ಆಯ್ದು, ಬೇಡದುದನ್ನು ಕತ್ತರಿಸಿ, ಜೋಡಿಸಿಕೊಟ್ಟುದನ್ನು. ನೋಟ ತನ್ನದಾದರೂ ನಂಬಿಕೆ ಆ ಮತ್ತೊಬ್ಬನ ಮೇಲಣದು. ಆದುದರಿಂದ ಇದು ಪ್ರತ್ಯಕ್ಷದ ವೇಷದಲ್ಲಿ ಬಂದ ಶಬ್ದಪ್ರಮಾಣವೆಂದೇ ನನ್ನ ಮತ.

ಶಬ್ದಪ್ರಮಾಣವೆಂದರೆ ಆಪ್ತನ, ಎಂದರೆ ನಂಬತಕ್ಕವನ, ಮಾತು; ಆದುದರಿಂದ ಆಪ್ತನಾರೆಂಬ ವಿಚಾರ ಬರುತ್ತದೆ. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ತಾನು ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಪ್ರೇರಿತನಾದವನು ಆಪ್ತನೆಂದು ಭಾಷ್ಯಕಾರ ವಾತ್ಸ್ಯಾಯನನ ನಿರೂಪಣೆ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತನು ಸೇರಿಸಿರುವುದು ಆ ಕಾಲಕ್ಕೆ ಸಣ್ಣ ಔದಾರ್ಯವೇನಲ್ಲ. ಕಂಡುದನ್ನು ಕಂಡಂತೆ ಎಂಬ ಈ ನಿಯಮವನ್ನು ನಮ್ಮ ವಿಡಿಯೋ ಬೋಧಕನಿಗೆ ಹಚ್ಚಿ ನೋಡೋಣ. ಲೆಕ್ಕದ ನಡುವೆ ಚಿಹ್ನೆ ತಪ್ಪಿತು, ಅರೆಗಳಿಗೆ ತಡವರಿಸಿದನು, ಹಿಂದಿರುಗಿ ತಿದ್ದಿದನು. ಬಳಿಕ ಅಷ್ಟನ್ನೂ ಅಳಿಸಿ ನುಣುಪಾದ ಪಾಠವನ್ನು ಪ್ರಕಟಿಸಿದನು. ಅವನ ಉತ್ತರದಲ್ಲಿ ಅಸತ್ಯವಿಲ್ಲ, ದಿಟ. ಆದರೆ ಬಲ್ಲವರು ತಡವರಿಸದೆ ನಡೆಯುತ್ತಾರೆಂಬ ಒಂದು ಸುಳ್ಳನ್ನು ಅವನು ಮಾತಿಲ್ಲದೆಯೇ ಕಲಿಸಿದಂತಾಯಿತು. ಮುದ್ರಿತ ಪುಸ್ತಕ ಎಂದೂ ತೋರಲಾರದ ಆ ತಿದ್ದುವ ಕೈಯನ್ನು ತೋರಬಲ್ಲ ಸಾಧನವು, ಅದನ್ನೇ ಮರೆಮಾಡಿ ಪುಸ್ತಕಕ್ಕೆ ಸರಿಗಟ್ಟಲು ಹವಣಿಸುವುದು ವಿಚಿತ್ರ.

ಅಮೆರಿಕದ ಸಲ್ಮಾನ್ ಖಾನ್ 2004ರಲ್ಲಿ ದೂರದ ಊರಿನಲ್ಲಿದ್ದ ತನ್ನ ಬಂಧುವಾದ ಬಾಲಿಕೆಗೆ ಗಣಿತ ಹೇಳಿಕೊಡತೊಡಗಿ, ಪುನರಾವರ್ತನೆಗೆ ಒದಗಲೆಂದು 2006ರಿಂದ ಪಾಠಗಳನ್ನು ಯೂಟ್ಯೂಬಿಗೆ ಏರಿಸಿದುದೇ ಮುಂದೆ ಖಾನ್ ಅಕಾಡೆಮಿಯಾಯಿತು. ಕಪ್ಪು ಹಲಗೆಯಂಥ ತೆರೆ, ಬಣ್ಣದ ಬರಹ, ಧ್ವನಿ; ಗುರುವಿನ ಮುಖವೇ ಇಲ್ಲ. ಎದುರಿನಲ್ಲಿರುವ ಖಾನನಿಗಿಂತ ತೆರೆಯ ಖಾನನೇ ಮೇಲೆಂದು ತನ್ನ ಬಂಧುಮಕ್ಕಳು ಹೇಳಿದರೆಂದು ಆತನೇ ನಗುತ್ತ ಹೇಳಿಕೊಂಡಿದ್ದಾನೆ. ಎಷ್ಟು ಸಲ ನಿಲ್ಲಿಸಿ ಕೇಳಿದರೂ ತೆರೆ ಬೇಸರಗೊಳ್ಳದು. ಕೇಳುವವರಿಗೆ ನಾಚಿಕೆಯೂ ಇಲ್ಲ. ಶ್ರವಣಕ್ಕೆ ಇದಕ್ಕಿಂತ ಹಿರಿದಾದ ಅನುಕೂಲವುಂಟೆ?

ತೊಡಕಿರುವುದು ಕೇಳಿದುದನ್ನು ಶಂಕಿಸಿ ತೂಗಿನೋಡುವ ಮನನದಲ್ಲಿ. ಛಾಂದೋಗ್ಯೋಪನಿಷತ್ತಿನಲ್ಲಿ ಇಂದ್ರ ವಿರೋಚನರಿಬ್ಬರೂ ಪ್ರಜಾಪತಿಯ ಬಳಿ 32 ವರ್ಷ ಬ್ರಹ್ಮಚರ್ಯದಿಂದಿದ್ದು ಆತ್ಮವೇನೆಂದು ಕೇಳಲು, ಆತನು ಅವರಿಗೆ ನೀರಿನ ಪಾತ್ರೆಯೊಳಗೆ ನೋಡಿರೆಂದನು. ಕೂದಲು ಉಗುರುಗಳವರೆಗೆ ತಮ್ಮ ಪ್ರತಿರೂಪವೇ ಅಲ್ಲಿ ಕಂಡಿತು. ವಿರೋಚನನು ತೃಪ್ತನಾಗಿ ಹೋಗಿ ದೇಹವೇ ಆತ್ಮವೆಂದು ಅಸುರರಿಗೆ ಬೋಧಿಸಿದನು. ಇಂದ್ರನೂ ತೃಪ್ತನಾಗಿಯೇ ಹೊರಟನು. ದೇಹ ಕುರುಡಾದರೆ ಈ ಆತ್ಮವೂ ಕುರುಡಾಗುವುದಲ್ಲವೆ ಎಂಬ ಶಂಕೆ ಅವನನ್ನು ನಡುದಾರಿಯಲ್ಲಿ ತಡೆಯಿತು. ಸಮಿತ್ತನ್ನು ಹಿಡಿದು ಅವನು ಹಿಂದಿರುಗಿದನು. ಹೀಗೆ ಮತ್ತೆ ಮತ್ತೆ ಬಂದು, ಒಟ್ಟು 101 ವರ್ಷ ಗುರುವಿನ ಬಳಿ ಕಳೆದನು. ಇಬ್ಬರೂ ಕಂಡುದು ಒಂದೇ ಬಿಂಬ. ಕಣ್ಣಾರೆ ಕಂಡೆನೆಂಬ ಸಮಾಧಾನವು ಶಂಕೆಯನ್ನು ಮಲಗಿಸಿಬಿಡುವ ಬಗೆಗೆ ವಿರೋಚನನಿಗಿಂತ ಬೇರೆ ನಿದರ್ಶನ ಬೇಡ. ವಿಡಿಯೋ ನೋಡುವಾಗ ಎಲ್ಲವೂ ತಿಳಿದಂತೆ ತೋರಿ, ಹಾಳೆ ಮುಂದಿಟ್ಟಾಗ ಕೈ ಓಡದಿರುವುದನ್ನು ಅನುಭವಿಸದ ವಿದ್ಯಾರ್ಥಿ ವಿರಳ.

ಖಾನನ ಬಂಧುಮಕ್ಕಳಿಗೆ ವಿಡಿಯೋದ ಆಚೆಗೆ ಖಾನನೂ ಇದ್ದನು. ಶಂಕೆ ಹುಟ್ಟಿದರೆ ಕೇಳಲು ಒಬ್ಬ ಆಪ್ತನಿದ್ದನು. ಆಮೇಲೆ ಅದೇ ಪಾಠವನ್ನು ನೋಡಿದ ಅಸಂಖ್ಯಾತರಿಗೆ ಆ ಭಾಗ್ಯವಿಲ್ಲ. ಮೊಬೈಲಿನಲ್ಲಿ ಪಾಠ ನೋಡಿ ಬರುವ ಹುಡುಗರಿಂದ ತನಗಿನ್ನು ಕೆಲಸವಿಲ್ಲವೆಂದು ಕೊರಗುವ ಶಾಲೆಯ ಮೇಷ್ಟರು, ವಿವರಿಸುವ ಹೊರೆಯ ಬಹುಪಾಲನ್ನು ಧಾರಾಳವಾಗಿ ತೆರೆಗೇ ಬಿಟ್ಟುಕೊಟ್ಟು, ನಡುದಾರಿಯಿಂದ ಹಿಂದಿರುಗಿ ಬಂದವರನ್ನು ಕೂರಿಸಿಕೊಂಡು ಕೇಳಬಹುದಾಗಿದೆ.