ರಕ್ತದಲ್ಲಿ ಎಷ್ಟಿದ್ದರೆ ಸಾಕು?

1983ರಲ್ಲಿ ಪುಣೆಯ ಅಂತರರಾಷ್ಟ್ರೀಯ ಮ್ಯಾರಥಾನ್ ಶುರುವಾಯಿತು. ಅದೇ ವರ್ಷ ಅಮೆರಿಕದ ಆಮ್ಜೆನ್ ಕಂಪನಿಯಲ್ಲಿ ಫು-ಕುಯೆನ್ ಲಿನ್ ಎಂಬ ವಿಜ್ಞಾನಿ ಎರಿತ್ರೋಪೊಯೆಟಿನ್ ಹಾರ್ಮೋನಿನ ಜೀನನ್ನು ಹಿಡಿದರು. ಒಂದಕ್ಕೊಂದು ಸಂಬಂಧವೇ ಇಲ್ಲದ ಆ ಎರಡು ಕೆಲಸಗಳು ಇವತ್ತು ಪುಣೆಯಲ್ಲಿ ನೆರೆಹೊರೆಯಾಗಿವೆ. ಹಿಂಜವಡಿಯ ಜೆನೋವಾ ಸಂಸ್ಥೆ ಈ ಹಾರ್ಮೋನನ್ನು ಔಷಧವಾಗಿ ತಯಾರಿಸುತ್ತದೆ. ಅಲ್ಲಿಂದ ಸ್ವಲ್ಪ ದೂರದ ಬಾಲೇವಾಡಿ ಕ್ರೀಡಾಂಗಣದಲ್ಲಿ ಓಡುವವರ ಮೈಯಲ್ಲಿ, ಹೊರಗಿನಿಂದ ಸೇರಿದ ಅದೇ ಹಾರ್ಮೋನು ಪತ್ತೆಯಾದರೆ ನಾಲ್ಕು ವರ್ಷದವರೆಗೆ ನಿಷೇಧ. ಒಂದೇ ವಸ್ತು ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಅಪರಾಧ. ಈ ಗೆರೆಯನ್ನು ಎಳೆದದ್ದು ಯಾವ ನ್ಯಾಯದ ಮೇಲೆ?

ಮೊದಲು ಆ ಮದ್ದನ್ನು ಹತ್ತಿರದಿಂದ ನೋಡಬೇಕು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಕಿಡ್ನಿ ಎರಿತ್ರೋಪೊಯೆಟಿನ್ ಸ್ರವಿಸುತ್ತದೆ; ಅದು ಅಸ್ಥಿಮಜ್ಜೆಗೆ ಹೋಗಿ ಕೆಂಪು ರಕ್ತಕಣ ಹೆಚ್ಚಿಸುತ್ತದೆ. ಕಿಡ್ನಿ ಕೆಟ್ಟವರಲ್ಲಿ ಈ ಸಂದೇಶ ಸಾಕಷ್ಟು ಹೊರಡುವುದಿಲ್ಲ. ನಾಲ್ಕು ತಾಸಿನ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ನರ್ಸ್ ಫ್ರಿಜ್ಜಿನಿಂದ ಒಂದು ಪುಟ್ಟ ಸಿರಿಂಜ್ ತೆಗೆಯುತ್ತಾರೆ. ಅದನ್ನು ಕುಲುಕುವಂತಿಲ್ಲ, 2ರಿಂದ 8 ಡಿಗ್ರಿ ತಂಪಿನಿಂದ ಹೊರಗೆ ಬಹಳ ಹೊತ್ತು ಇಡುವಂತಿಲ್ಲ. ಅಂಗಡಿಯಿಂದ ತರುವವರು ಐಸ್ ಪ್ಯಾಕ್ ಜೊತೆ ಕಟ್ಟಿಸಿಕೊಂಡು ಬರುತ್ತಾರೆ. ಸೋಲಾಪುರ, ವಿಜಯಪುರದ ಕಡೆಯಿಂದ ಪುಣೆಗೆ ಬಂದ ಮನೆಯವರು ವರದಿ ಕೈಗೆ ಸಿಕ್ಕ ತಕ್ಷಣ ಕೇಳುವುದು ಒಂದೇ ಮಾತು: “ಎಚ್‌ಬಿ ಎಷ್ಟು ಬಂದದರೀ?” ಎಚ್‌ಬಿ ಎಂದರೆ ಹಿಮೋಗ್ಲೋಬಿನ್; ಏಳು ಇದ್ದದ್ದು ಹತ್ತಕ್ಕೆ ಬಂದರೆ ಮನುಷ್ಯ ಮೆಟ್ಟಿಲು ಹತ್ತುತ್ತಾನೆ, ಊಟ ಸೇರುತ್ತದೆ. 1989ರಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಗುವ ಮೊದಲು ಇಂಥವರಿಗೆ ಮತ್ತೆ ಮತ್ತೆ ರಕ್ತ ಕೊಡಿಸಬೇಕಿತ್ತು. ಅದರಿಂದ ಮೈಯಲ್ಲಿ ಕಬ್ಬಿಣ ತುಂಬುತ್ತಿತ್ತು, ಮುಂದೆ ಕಿಡ್ನಿ ಕಸಿಗೆ ಹೊಂದಾಣಿಕೆ ಸಿಗುವುದೂ ಕಷ್ಟವಾಗುತ್ತಿತ್ತು.

ನನ್ನನ್ನು ಬಹಳ ಕಾಡುವುದು ಇದರ ಹುಟ್ಟಿನ ಕತೆ. 1977ರಲ್ಲಿ ಶಿಕಾಗೊದ ಯೂಜೀನ್ ಗೋಲ್ಡ್‌ವಾಸರ್ ಮನುಷ್ಯನ ಎರಿತ್ರೋಪೊಯೆಟಿನ್ ಅನ್ನು ಮೊದಲ ಬಾರಿಗೆ ಶುದ್ಧರೂಪದಲ್ಲಿ ಪಡೆದರು. ಮೂಲದ್ರವ್ಯ ಜಪಾನಿನಿಂದ ಬಂದಿತ್ತು: ತಕಾಜಿ ಮಿಯಾಕೆ ಸಂಗ್ರಹಿಸಿದ್ದ ಸುಮಾರು 2,550 ಲೀಟರ್ ಮೂತ್ರ. ಅಸ್ಥಿಮಜ್ಜೆ ಸೋತುಹೋದ ರೋಗಿಗಳ ಮೂತ್ರ ಅದು. ಅವರ ಕಿಡ್ನಿಗಳು ಕಣ ಬೇಕು, ಕಣ ಬೇಕು ಎಂದು ಹಾರ್ಮೋನನ್ನು ಸುರಿಸುತ್ತಲೇ ಇದ್ದವು. ಕೇಳಬೇಕಾದ ಮಜ್ಜೆಗೆ ತ್ರಾಣವಿರಲಿಲ್ಲ. ಅಷ್ಟರಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಈ ಮದ್ದು ತಮಗೆ ಪ್ರಯೋಜನವಾಗದವರ ಮೈಯಿಂದ ಬಂದದ್ದು ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಇನ್ನು ಗೆರೆಯ ಪ್ರಶ್ನೆ. ಸಹಜವಾದದ್ದು ಸರಿ, ಕೃತಕವಾದದ್ದು ತಪ್ಪು ಎನ್ನುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಫಿನ್ಲೆಂಡಿನ ಸ್ಕೀ ಪಟು ಈರೊ ಮ್ಯಾಂಟುರಾಂಟಾಗೆ ಹುಟ್ಟಿನಿಂದಲೇ ಹಿಮೋಗ್ಲೋಬಿನ್ 20ರ ಮೇಲಿತ್ತು. ಈ ಹಾರ್ಮೋನಿನ ಗ್ರಾಹಿಯಲ್ಲಿದ್ದ ಜೀನ್ ಬದಲಾವಣೆಯೇ ಕಾರಣವೆಂದು ಆಮೇಲೆ ಗೊತ್ತಾಯಿತು. ಅದು ತಪ್ಪಲ್ಲ. ಪುಣೆ ಇರುವುದು 560 ಮೀಟರ್ ಎತ್ತರದಲ್ಲಿ. ಇಲ್ಲಿಯ ಓಟಗಾರ ಊಟಿಯ ಎತ್ತರಕ್ಕೆ ಹೋಗಿ ವಾರಗಟ್ಟಲೆ ಓಡಿ ರಕ್ತಕಣ ಹೆಚ್ಚಿಸಿಕೊಂಡರೆ ಅದೂ ತಪ್ಪಲ್ಲ. ಅಪಾಯವಿದೆ, ಅದಕ್ಕೇ ನಿಷೇಧ ಎಂಬ ಉತ್ತರವೂ ಅರ್ಧ ಸತ್ಯ. ರಕ್ತ ಮಂದವಾಗಿ ಹೆಪ್ಪುಗಟ್ಟುವ, ಪಾರ್ಶ್ವವಾಯು ಹೊಡೆಯುವ ಭಯ ರೋಗಿಗೂ ಇದೆ.

ಗೆರೆ ನಿಜವಾಗಿ ಇರುವುದು ಬೇರೆ ಕಡೆ: ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಒಳಗಿನಿಂದಲೇ ಒಂದು ಉತ್ತರ ಇದೆಯೋ ಇಲ್ಲವೋ ಎಂಬಲ್ಲಿ. ವೈದ್ಯಕ್ಕೆ ಆ ಉತ್ತರ ಇದೆ, ಅದನ್ನು ಅದು ದುಬಾರಿ ಬೆಲೆ ತೆತ್ತು ಕಲಿತಿದೆ. ಕಿಡ್ನಿ ರೋಗಿಯ ಹಿಮೋಗ್ಲೋಬಿನ್ ಅನ್ನು ಆರೋಗ್ಯವಂತರ ಮಟ್ಟಕ್ಕೇ ಏರಿಸಿದರೆ ಒಳ್ಳೆಯದೆಂದು ಒಂದು ಕಾಲಕ್ಕೆ ಅನಿಸಿತ್ತು. 2006ರ ಕ್ವಾಯರ್ ಅಧ್ಯಯನದಲ್ಲಿ 13.5ರ ಗುರಿ ಇಟ್ಟವರಿಗೆ 11.3ರ ಗುರಿಯವರಿಗಿಂತ ಹೃದಯದ ತೊಂದರೆ ಹೆಚ್ಚಾಯಿತು. 2009ರ ಟ್ರೀಟ್ ಅಧ್ಯಯನದಲ್ಲಿ, 4,038 ಸಕ್ಕರೆಕಾಯಿಲೆಯ ಕಿಡ್ನಿ ರೋಗಿಗಳಲ್ಲಿ, ಔಷಧ ಪಡೆದವರಿಗೆ ಪಾರ್ಶ್ವವಾಯು ಸುಮಾರು ಇಮ್ಮಡಿಯಾಯಿತು. ಈಗ ವೈದ್ಯರು ಸಾಮಾನ್ಯವಾಗಿ 11.5ರ ಆಸುಪಾಸಿನಲ್ಲೇ ಕೈ ತಡೆಯುತ್ತಾರೆ.

ಓಟಕ್ಕೆ ಅಂಥ ಅಂಕೆ ಇಲ್ಲ. ಪಕ್ಕದವನಿಗಿಂತ ಒಂದು ಹೆಜ್ಜೆ ಮುಂದೆ ಎಂಬುದೇ ಅಲ್ಲಿಯ ಅಳತೆ. 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ರಕ್ತದಲ್ಲಿ ಕಣಗಳ ಪಾಲು ಶೇ 50 ದಾಟಿದ ಪುರುಷ ಸವಾರರನ್ನು ತಡೆಯಲು ಶುರುಮಾಡಿತು. ಈ ಹಾರ್ಮೋನಿಗೆ ಆಗಿನ್ನೂ ಪರೀಕ್ಷೆಯೇ ಇರಲಿಲ್ಲ. ಅದು ಬಂದದ್ದು 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ. ಕಾವಲಿಗೆ ಇಟ್ಟ ಮಿತಿ ಮದ್ದು ಹಾಕಿಕೊಳ್ಳುವವರಿಗೆ ಗುರಿಯಾಯಿತು: ಐವತ್ತರ ಅಂಚಿನವರೆಗೆ ಏರಿಸು, ದಾಟಬೇಡ. ವೈದ್ಯರ ಕಣ್ಗಾವಲಿನಲ್ಲಿ ಎಲ್ಲರಿಗೂ ಬಿಟ್ಟುಬಿಡಿ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಸಹಜವಾಗಿ 41 ಇದ್ದವನಿಗೆ ದೊಡ್ಡ ಲಾಭ, 48 ಇದ್ದವನಿಗೆ ಹೆಚ್ಚೇನೂ ಇಲ್ಲ, ಬೇಡವೆಂದವನಿಗೆ ಸೋಲು. ಆದ್ದರಿಂದ ನಿಷೇಧ ಎಂಬುದು ಸ್ಪರ್ಧಿಗಳು ಒಬ್ಬರನ್ನೊಬ್ಬರು ರಕ್ಷಿಸಿಕೊಳ್ಳುವ ಒಪ್ಪಂದ ಎಂದೇ ನಾನು ತಿಳಿದಿದ್ದೇನೆ.

ಆದರೆ ಒಪ್ಪಂದದ ಭಾರ ಹೊರುವವರು ಯಾರು? ನಮ್ಮಲ್ಲಿ ದೂರದ ಓಟಕ್ಕೆ ಬರುವವರು ಬಹುಪಾಲು ಒಣಬೇಸಾಯದ ಮನೆಗಳ ಹುಡುಗ ಹುಡುಗಿಯರು. ಅವರಿಗೆ ಪದಕ ಎಂದರೆ ಸೇನೆಯಲ್ಲೋ ರೈಲ್ವೆಯಲ್ಲೋ ಒಂದು ನೌಕರಿ, ತಂಗಿಯ ಮದುವೆ, ಮನೆಗೊಂದು ಚಾವಣಿ. ಸೂಜಿ ಚುಚ್ಚಿದ ಕೈಯನ್ನು ಹುಡುಕದೆ ಚುಚ್ಚಿಸಿಕೊಂಡ ತೋಳನ್ನು ಮಾತ್ರ ಶಿಕ್ಷಿಸಿದರೆ ಅದು ಅರೆ ನ್ಯಾಯ.

ಈಗ ಇದು ಇನ್ನಷ್ಟು ತುರ್ತಾಗಿದೆ. ಕಿಡ್ನಿಗೆ ಆಮ್ಲಜನಕ ಕಡಿಮೆಯಾಗಿದೆಯೆಂಬ ಭಾವನೆ ಹುಟ್ಟಿಸಿ ದೇಹದಿಂದಲೇ ಈ ಹಾರ್ಮೋನು ತೆಗೆಸುವ ಮಾತ್ರೆಗಳು ಬಂದಿವೆ. ನಮ್ಮ ದೇಶದ ಝೈಡಸ್ ಕಂಪನಿಯ ಡೆಸಿಡುಸ್ಟಾಟ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. ರೋಗಿಗೆ ಇದು ದೊಡ್ಡ ಅನುಕೂಲ: ಐಸ್ ಪ್ಯಾಕ್ ಬೇಡ, ಸೂಜಿ ಬೇಡ. ಈ ಬಗೆಯ ಮಾತ್ರೆಗಳೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿವೆ, ಆದರೆ ಕ್ರೀಡಾ ಚೀಲದ ಮೂಲೆಯಲ್ಲಿ ಒಂದು ಸ್ಟ್ರಿಪ್ ಸೇರಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ಚೀಟಿಯಿಲ್ಲದೆ ಇವು ಕೈಗೆ ಸಿಗದಂತೆ ಔಷಧಿ ಅಂಗಡಿಯ ಪುಸ್ತಕವನ್ನು ಪರಿಶೀಲಿಸಬೇಕು, ತರಬೇತುದಾರನನ್ನು ಕರೆಸಿ ಕೇಳಬೇಕು. ಮೂತ್ರದ ಬಾಟಲಿ ಹಿಡಿದು ಓಟಗಾರನ ಬಾಗಿಲು ತಟ್ಟುವ ಅಧಿಕಾರಿಗಳು ಆ ಎರಡು ಬಾಗಿಲುಗಳನ್ನೂ ಅಷ್ಟೇ ಗಟ್ಟಿಯಾಗಿ ತಟ್ಟಲಿ.