ಎರಡು ನದಿಗಳ ಕಣಿವೆಯಲ್ಲಿ

ತಾಂಡೂರನ್ನು ದಾಟಿದ ಕಾಗಿಣಿ ಸೇಡಂ ಸೀಮೆಗೆ ಬಂದು, ಮಳಖೇಡದ ಕೋಟೆಯ ಪಕ್ಕದಲ್ಲಿ ಹಾದು ಭೀಮೆಯನ್ನು ಸೇರುತ್ತದೆ. ಅಮೋಘವರ್ಷ ನೃಪತುಂಗನ ಈ ರಾಜಧಾನಿಯ ದಂಡೆಗೆ ನೀರು ಬಂದದ್ದು ತಾಂಡೂರಿನ ಕಡೆಯಿಂದ. ಉತ್ತರದಲ್ಲಿ ಮಾಂಜ್ರಾ ನದಿ ಬೀದರ ಜಿಲ್ಲೆಯ ಹೊಲಗಳನ್ನು ದಾಟಿ ಜಹೀರಾಬಾದ್, ನಾರಾಯಣಖೇಡಗಳ ಸೀಮೆಗೆ ಬಂದು ಸಿಂಗೂರು ಜಲಾಶಯದಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಂದ ಹೈದರಾಬಾದಿನ ನಲ್ಲಿಗಳಿಗೂ ಹೋಗುತ್ತದೆ. ಒಂದು ನದಿ ತೆಲಂಗಾಣದಿಂದ ಕರ್ನಾಟಕಕ್ಕೆ, ಇನ್ನೊಂದು ಕರ್ನಾಟಕದಿಂದ ತೆಲಂಗಾಣಕ್ಕೆ. ತೆಲಂಗಾಣದ ಈ ಗಡಿಸೀಮೆಯ ಕನ್ನಡಿಗರನ್ನು ನೆನೆದಾಗಲೆಲ್ಲ ನನಗೆ ಗಡಿಗಿಂತ ಮೊದಲು ಹೊಳೆಯುವುದು ಈ ನೀರಿನ ದಾರಿ.

ಗಡಿ ಬಂದದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1955ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗ ಬೀದರ ಜಿಲ್ಲೆಯನ್ನೂ ಹೈದರಾಬಾದಿನ ಜೊತೆಗೇ ಉಳಿಸಲು ಹೇಳಿತ್ತು. ಆದದ್ದು ಬೇರೆ. ಜಿಲ್ಲೆಗಳು ಒಡೆದವು, ತಾಲ್ಲೂಕುಗಳೂ ಒಡೆದವು. ಜಹೀರಾಬಾದ್ ತಾಲ್ಲೂಕು ಆಗ ತೆಲಂಗಾಣವನ್ನೂ ಒಳಗೊಂಡಿದ್ದ ಆಂಧ್ರಕ್ಕೆ ಹೋದಾಗ ಅದರ ನಿರ್ಣಾ ಸರ್ಕಲ್ ಮೈಸೂರು ರಾಜ್ಯಕ್ಕೆ ಉಳಿಯಿತು. ಬೀದರ ತಾಲ್ಲೂಕು ಮೈಸೂರಿಗೆ ಬಂದಾಗ ಅದರ ನ್ಯಾಲಕಲ್ ಸರ್ಕಲ್ ಆಂಧ್ರಕ್ಕೆ ಹೋಯಿತು. ಬೀಗರ ಊರು ಪರರಾಜ್ಯವಾಯಿತು. ಹೀಗಿದ್ದರೂ ಬೀಗತನ ನಿಲ್ಲಲಿಲ್ಲ.

ನಿಲ್ಲದಿರಲು ಕಾರಣ ನೆಲವೇ. ತಾಂಡೂರಿನ ಹಾಸುಗಲ್ಲು, ಶಹಾಬಾದಿನ ಹಾಸುಗಲ್ಲು ಎರಡೂ ಭೀಮಾ ಕಣಿವೆಯ ಒಂದೇ ಸುಣ್ಣಕಲ್ಲಿನ ಪದರದಿಂದ ಏಳುತ್ತವೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ತಾಂಡೂರಿನ ತೊಗರಿಗೆ 2022ರಲ್ಲಿ. ಎರಡು ಪ್ರಮಾಣಪತ್ರ, ಒಂದೇ ಎರೆಮಣ್ಣಿನ ಸೀಮೆ. ಎಳ್ಳಮಾಸಿ ಬಂತೆಂದರೆ ಬೀದರ, ಕಲಬುರಗಿಯ ಮಂದಿ ಹೇಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೋ ಜಹೀರಾಬಾದ್, ನಾರಾಯಣಖೇಡಗಳ ಮಂದಿಯೂ ಹಾಗೆಯೇ ಹೋಗುತ್ತಾರೆ. ಬಿಳಿಜೋಳದ ಹೊಲದಲ್ಲಿ ಪೂಜೆ ಮಾಡಿ, ಚರಗ ಚೆಲ್ಲಿ, ಭಜ್ಜಿ, ಸಜ್ಜಿರೊಟ್ಟಿ, ಅಂಬಲಿಯನ್ನು ಬಂದವರಿಗೆಲ್ಲ ಬಡಿಸುತ್ತಾರೆ. ಬಂದವರು ಯಾವ ರಾಜ್ಯದವರೆಂದು ಯಾರೂ ಕೇಳುವುದಿಲ್ಲ. ಜಹೀರಾಬಾದಿನ ಹತ್ತಿರದ ಝರಾಸಂಗಮದಲ್ಲಿ ಕೇತಕಿ ಸಂಗಮೇಶ್ವರನಿದ್ದಾನೆ. ಶಿವನ ಪೂಜೆಗೆ ಬೇರೆಡೆ ಸಲ್ಲದ ಕೇದಗೆ ಅಲ್ಲಿ ಸಲ್ಲುತ್ತದೆ. ಶಿವರಾತ್ರಿಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನ ಸೇರುತ್ತಾರೆ.

ಮಾತಿನ ಬದುಕೂ ಹೀಗೇ ಬೆರೆತದ್ದು. ಅಡುಗೆಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಆಡುವ ಮನೆಗಳು ಇಲ್ಲಿ ಸಾಮಾನ್ಯ. ಇದು ಬಡತನವಲ್ಲ, ಸಂಪತ್ತು. ಆದರೆ ಇದರಲ್ಲಿ ಒಂದು ನೋವಿದೆ. ನಿಜಾಮರ ಕಾಲದಲ್ಲಿ ಅಜ್ಜ ಶಾಲೆಗೆ ಹೋಗಿದ್ದರೆ ಉರ್ದುವಿನಲ್ಲಿ ಓದಿದ. ಮಗ ತೆಲುಗಿನಲ್ಲಿ ಓದಿದ. ಮೊಮ್ಮಗಳು ತೆಲುಗು, ಇಂಗ್ಲಿಷಿನಲ್ಲಿ ಓದುತ್ತಿದ್ದಾಳೆ. ಮೂರು ತಲೆಮಾರು ಮನೆಯಲ್ಲಿ ಕನ್ನಡ ಆಡಿದರೂ ಅಕ್ಷರವಾಗಿ ಅದು ಕೈಗೆ ಬಾರದ ಮನೆಗಳಿವೆ. ಓದಲು ಬಾರದ ತಾಯಿನುಡಿಯನ್ನು ಮಕ್ಕಳು ಹಿರಿಯರ ಮಾತೆಂದು ಬಗೆದು ದೂರವಿಡತೊಡಗುತ್ತಾರೆ.

ಗಡಿಯ ಜೊತೆಗೆ ಒಂದು ಮಾತನ್ನೂ ಕೊಡಲಾಗಿತ್ತೆಂಬುದನ್ನು ನಾವು ಮರೆತಿದ್ದೇವೆ. ರಾಜ್ಯಗಳ ಪುನರ್ವಿಂಗಡಣೆಗಾಗಿ ಅದೇ 1956ರಲ್ಲಿ ಆದ ಸಂವಿಧಾನದ ಏಳನೆಯ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಗೆರೆ ಎಳೆದವರಿಗೆ ಗೆರೆಯಾಚೆ ಉಳಿಯುವವರ ಅರಿವಿತ್ತು. ಗೆರೆ ಗಟ್ಟಿಯಾಯಿತು, ಮಾತು ಸಡಿಲವಾಯಿತು. 2018ರಲ್ಲಿ ತೆಲಂಗಾಣ ತನ್ನ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿತು. ಅದು ಸರಿಯೇ, ನೆಲದ ಭಾಷೆಯನ್ನು ಎಲ್ಲರೂ ಕಲಿಯಬೇಕು. ಕೇಳಬೇಕಾದದ್ದು ತೆಲುಗಿನ ಬದಲು ಕನ್ನಡವನ್ನಲ್ಲ, ತೆಲುಗಿನ ಪಕ್ಕದಲ್ಲಿ ಕನ್ನಡವನ್ನು. ಹಾಗೆ ಕೇಳುವ ನಾವು ರಾಯಚೂರು, ಬಳ್ಳಾರಿಯ ತೆಲುಗು ಮಕ್ಕಳಿಗೂ ಅದೇ ಹಕ್ಕಿದೆಯೆಂದು ಒಪ್ಪಬೇಕು. ಇಲ್ಲದಿದ್ದರೆ ನಮ್ಮ ಬೇಡಿಕೆಗೆ ನೈತಿಕ ಬಲವಿಲ್ಲ.

ಹೊತ್ತು ಬಹಳ ಉಳಿದಿಲ್ಲ. ಹೈದರಾಬಾದಿನ ಹೊರವಲಯ ಮುಂಬಯಿ ಹೆದ್ದಾರಿಯ ಗುಂಟ ಪಶ್ಚಿಮಕ್ಕೆ ಬೆಳೆಯುತ್ತಿದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು. ಹೊಲ ಕಾರ್ಖಾನೆಯಾದರೆ ಎಳ್ಳಮಾಸಿಯ ಬುತ್ತಿ ಎಲ್ಲಿಗೆ ಹೋಗಬೇಕು? ಹಳ್ಳಿ ಚದುರಿದರೆ ಹಳ್ಳಿಯ ಮಾತೂ ಚದುರುತ್ತದೆ.

ಆದರೂ ಭರವಸೆ ಅದೇ ಮಣ್ಣಿನಲ್ಲಿದೆ. ಜಹೀರಾಬಾದ್ ಸೀಮೆಯ ದಲಿತ ಹೆಣ್ಣುಮಕ್ಕಳು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಕೂಡಿ, ಸರ್ಕಾರಿ ಯೋಜನೆಗಳು ಮರೆತಿದ್ದ ಸಿರಿಧಾನ್ಯಗಳ ಬೀಜವನ್ನು ಕಾಪಾಡಿದರು. 2008ರಲ್ಲಿ ಮಾಚನೂರಿನಲ್ಲಿ ತಮ್ಮದೇ ಸಂಘಂ ರೇಡಿಯೊ ತೆರೆದು, ಪುಸ್ತಕದ ತೆಲುಗಿನಲ್ಲಲ್ಲ, ತಮ್ಮೂರಿನ ಆಡುನುಡಿಯಲ್ಲಿ ಮಾತಾಡಿದರು. ಬೀಜ ಉಳಿದದ್ದು ವರ್ಷ ವರ್ಷವೂ ಬಿತ್ತಿದ್ದರಿಂದ. ನುಡಿಗೂ ಬೇರೆ ದಾರಿಯಿಲ್ಲ.

ಹೋದ ತಾಲ್ಲೂಕುಗಳನ್ನು ಮರಳಿ ಕೇಳುವ ಕಾಲ ಇದಲ್ಲ, ಅದರ ಅಗತ್ಯವೂ ಇಲ್ಲ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಸಾಹಿತ್ಯ ಪರಿಷತ್ತು, ಬೀದರ ಕಲಬುರಗಿಯ ಕಾಲೇಜುಗಳು ಈ ಹಳ್ಳಿಗಳಿಗೆ ಒಬ್ಬ ಕನ್ನಡ ಶಿಕ್ಷಕನನ್ನು, ಒಂದು ಕಪಾಟು ಪುಸ್ತಕವನ್ನು ತಲುಪಿಸಲಿ. ಅಲ್ಲಿನ ಅಜ್ಜಿಯರ ಹಾಡು, ಕಥೆಗಳನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳಲಿ. ಮತ್ತೆ ಓದುಗರಾದ ನಿಮ್ಮಲ್ಲಿ ಒಂದು ವಿನಂತಿ: ಜಹೀರಾಬಾದಿನಲ್ಲೋ ತಾಂಡೂರಿನಲ್ಲೋ ಬಸ್ಸಿಳಿದಾಗ ಮೊದಲ ಮಾತನ್ನು ಕನ್ನಡದಲ್ಲೇ ಆಡಿ. ಉತ್ತರವೂ ಕನ್ನಡದಲ್ಲೇ ಬಂದರೆ ನಿಂತು ಮಾತು ಮುಂದುವರಿಸಿ.