ಸಭೆಯ ಕರೆಯು ಯಾರ ಪಾಲಿನದು?

ಕಳೆದ ವರುಷ ಹಳ್ಳಿಯ ಸಭೆಯೊಂದರಲ್ಲಿ ಆರಾಧನೆಯಾದ ಮೇಲೆ ನಾವು ಲೆಕ್ಕದ ಪುಸ್ತಕವನ್ನು ನೋಡುತ್ತಾ ಕೂತಿದ್ದೆವು. ವಾರದ ಕಾಣಿಕೆ, ಸುಗ್ಗಿಯ ಕಾಣಿಕೆ, ದೀಪದ ಖರ್ಚು, ಗೋಡೆಗೆ ಸುಣ್ಣ ಹೊಡೆಸಿದ್ದು ಎಲ್ಲವೂ ಕ್ರಮವಾಗಿ ಬರೆಯಲ್ಪಟ್ಟಿದ್ದವು. ಒಬ್ಬ ವಿಧವೆಯ ಹೆಸರಿನ ಮುಂದೆ ಮಾತ್ರ ಹನ್ನೊಂದು ತಿಂಗಳು ಒಂದೇ ಶಬ್ದವಿತ್ತು: ಬಾಕಿ. ಯಾಕೆ ಕೊಡಲಿಲ್ಲವೆಂದು ಕೇಳಿದೆವು. ಆಕೆ ಈಗ ಆರಾಧನೆಗೆ ಬರುವದಿಲ್ಲ ಅಂದರು. ಯಾಕೆ ಬರುವದಿಲ್ಲವೆಂದು ಕೇಳಿದ್ದಕ್ಕೆ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿದರು. ಆಕೆಯ ಮನೆಯು ದೇವಾಲಯಕ್ಕೆ ಎರಡು ಓಣಿಗಳ ಆಚೆ ಇದೆ. ಅಷ್ಟರಲ್ಲಿ ನಮ್ಮ ಬಸ್ಸಿನ ಹೊತ್ತಾಯಿತು. ನಾವೂ ಆ ಮನೆಗೆ ಹೋಗದೆ ಹಿಂದಿರುಗಿ ಬಂದೆವು.

ಪ್ರಿಯ ವಾಚಕರೇ, ಅಂದಿನಿಂದ ಒಂದು ಪ್ರಶ್ನೆಯು ನಮ್ಮನ್ನು ಬಿಟ್ಟಿಲ್ಲ. ಸಭೆಗೆ ದೇವರು ಕೊಟ್ಟ ಕರೆಯು ನಮ್ಮಲ್ಲಿ ಹೊಸದಾಗಲಿ ಎಂದು ನಾವು ಕೂಟಕೂಟದಲ್ಲಿಯೂ ಪ್ರಾರ್ಥಿಸುತ್ತೇವೆ. ಆದರೆ ಆ ಕರೆಯು ಬಂದದ್ದು ಯಾರಿಗೆ? ಸಂಬಳ ಹೊಂದುವ ಬೋಧಕರಿಗೋ? ಬೆಂಚಿನ ಮೇಲೆಯೂ ಚಾಪೆಯ ಮೇಲೆಯೂ ಕೂತಿರುವ ನಮ್ಮೆಲ್ಲರಿಗೋ? ನಮ್ಮೆಲ್ಲರಿಗೂ ಬಂದದ್ದಾದರೆ, ಎರಡು ಓಣಿ ದಾಟದವನು ತಪ್ಪಿತಸ್ಥನೋ ಅಲ್ಲವೋ? ತಮ್ಮನು ಎಲ್ಲಿ ಎಂದು ದೇವರು ಕೇಳಿದಾಗ ಕಾಯಿನನು ಕೊಟ್ಟ ಉತ್ತರವನ್ನು ನಾವೆಲ್ಲರೂ ಭಾನುವಾರದ ಶಾಲೆಯಲ್ಲಿ ಕಲಿತಿದ್ದೇವೆ. ಕಲಿತದ್ದು ಕಾಯಿನನನ್ನು ಹಳಿಯುವದಕ್ಕೆ ಮಾತ್ರವೋ ಎಂದು ನಮಗೆ ಈಗ ಸಂದೇಹ ಹುಟ್ಟಿದೆ.

ನಮ್ಮ ಮೆಥಡಿಸ್ಟ್ ಸಭೆಯ ಚರಿತ್ರೆಯಲ್ಲಿ ಇದಕ್ಕೆ ಸಮೀಪವಾದ ಸಂಗತಿಯೊಂದುಂಟು. ಅದೂ ಬಾಕಿಯ ಸಂಗತಿಯೇ. 1739ರಲ್ಲಿ ಜಾನ್ ವೆಸ್ಲಿಯವರು ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಬೈಲಿನಲ್ಲಿ ನಿಂತು ಬೋಧಿಸತೊಡಗಿ, ಆ ವರುಷವೇ ಅಲ್ಲಿ ಕೂಡಿ ಪ್ರಾರ್ಥಿಸುವದಕ್ಕೆ ‘ಹೊಸ ಕೊಠಡಿ’ ಎಂಬ ಕಟ್ಟಡವನ್ನು ಆರಂಭಿಸಿದರು. ಕಟ್ಟಡವಾಯಿತು, ಸಾಲವೂ ಆಯಿತು. 1742ನೆಯ ಫೆಬ್ರವರಿ 15ರಂದು ಆ ಸಾಲವನ್ನು ತೀರಿಸುವ ಬಗೆಯನ್ನು ಆಲೋಚಿಸುವದಕ್ಕೆ ಕೆಲವರು ಕೂಡಿದರು. ಕಪ್ತಾನ್ ಫಾಯ್ ಎಂಬವರು ಎದ್ದು, ಸಾಲ ತೀರುವ ತನಕ ಒಬ್ಬೊಬ್ಬ ಸದಸ್ಯನು ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದರು. ಅನೇಕರು ಬಡವರು, ಅಷ್ಟನ್ನೂ ಕೊಡಲಾರರು ಎಂದು ಮತ್ತೊಬ್ಬರು ಆಕ್ಷೇಪಿಸಿದರು. ಆಗ ಫಾಯ್ ಹೇಳಿದ್ದೇನಂದರೆ, ಎಲ್ಲರಿಗಿಂತಲೂ ಬಡವರಾದ ಹನ್ನೊಂದು ಮಂದಿಯನ್ನು ತನ್ನ ಪಾಲಿಗೆ ಹಚ್ಚಬೇಕು. ತಾನು ವಾರವಾರವೂ ಅವರ ಬಳಿಗೆ ಹೋಗುವೆನು. ಅವರು ಕೊಟ್ಟರೆ ಸರಿ, ಕೊಡಲಾರದೆ ಹೋದರೆ ತನ್ನ ಪೆನ್ನಿಯ ಸಂಗಡ ಅವರದನ್ನೂ ತಾನೇ ಹಾಕುವೆನು. ಉಳಿದವರೂ ಹೀಗೆಯೇ ಹನ್ನೊಂದು ನೆರೆಯವರನ್ನು ವಹಿಸಿಕೊಳ್ಳಲಿ, ಎಂಬದೇ.

ಹಾಗೆಯೇ ನಿಶ್ಚಯವಾಯಿತು. ಆದರೆ ದುಡ್ಡಿಗಾಗಿ ಹೋದವರು ದುಡ್ಡಿಗಿಂತ ಹೆಚ್ಚಿನದನ್ನು ಕಂಡುಬಂದರು. ಒಂದು ಮನೆಗೆ ಹೋದಾಗ ಯಜಮಾನನು ಹೆಂಡತಿಯ ಸಂಗಡ ಜಗಳವಾಡುತ್ತಿದ್ದನು, ಇನ್ನೊಬ್ಬನು ಕುಡಿದಿದ್ದನು. ವೆಸ್ಲಿಯವರು ಇದನ್ನು ಕೇಳಿದ ಕೂಡಲೆ, ತಾವು ಬಹು ಕಾಲದಿಂದ ಹುಡುಕುತ್ತಿದ್ದದ್ದು ಇದೇ ಎಂದು ಅರಿತು, ಈ ಮುಖಂಡರಿಗೆ ಪೆನ್ನಿಯ ಸಂಗಡ ಆತ್ಮಗಳ ವಿಚಾರಣೆಯನ್ನೂ ಒಪ್ಪಿಸಿದರು. ವರ್ಗಕೂಟವು ಹೀಗೆ ಹುಟ್ಟಿತು. ಮನೆಮನೆಗೆ ಹೋಗುವದರಲ್ಲಿ ತೊಡಕುಗಳೂ ಇದ್ದವು. ಪರರ ಮನೆಯಲ್ಲಿ ದುಡಿಯುವವರನ್ನು ಅಲ್ಲಿ ಹೋಗಿ ಕಾಣುವದು ಸುಲಭವಾಗಿರಲಿಲ್ಲ. ಆದಕಾರಣ ಆಮೇಲೆ ಹನ್ನೆರಡು ಮಂದಿಯೂ ವಾರಕ್ಕೊಮ್ಮೆ ಒಂದೇ ಸ್ಥಳದಲ್ಲಿ ಕೂಡುವದು ವಾಡಿಕೆಯಾಯಿತು. ಈ ಮುಖಂಡರು ದೀಕ್ಷೆ ಹೊಂದಿದ ಬೋಧಕರಲ್ಲ. ಅಂಗಡಿಯವರು, ಕೈಕಸಬಿನವರು, ಹೆಂಗಸರು.

ಇಲ್ಲಿ ಒಬ್ಬ ವಾಚಕನು ನಮ್ಮನ್ನು ತಡೆದು ಕೇಳಬಹುದು: ಪರರ ಮನೆಯ ಸಂಗತಿಯನ್ನು ವಿಚಾರಿಸುವದಕ್ಕೆ ನಿಮಗೆ ಅಧಿಕಾರ ಕೊಟ್ಟವರು ಯಾರು? ಈ ಪ್ರಶ್ನೆಯು ಹಗುರವಾದದ್ದಲ್ಲ. ಯಾರ ಮನೆಯಲ್ಲಿ ಏನಾಯಿತೆಂದು ತಿಳಿದವರು ಹಳ್ಳಿಯಲ್ಲಿ ಬಹಳ ಮಂದಿ. ಆದರೆ ತಿಳಿದದ್ದನ್ನು ಬಾವಿಯ ಕಟ್ಟೆಯ ಮೇಲೆ ಹೇಳುವದು ಒಂದು, ಆ ಮನೆಯ ಬಾಗಲಿಗೆ ಹೋಗುವದು ಇನ್ನೊಂದು. ಮೆಥಡಿಸ್ಟರ ವಿಚಾರಣೆಯೂ ಯಾವಾಗಲೂ ಮೃದುವಾಗಿರಲಿಲ್ಲ. 1743ನೆಯ ಮಾರ್ಚಿಯಲ್ಲಿ ವೆಸ್ಲಿಯವರು ನ್ಯೂಕಾಸಲ್ ಪಟ್ಟಣದ ಸಂಘದಿಂದ 64 ಮಂದಿಯನ್ನು ತೆಗೆದುಹಾಕಿ, ಅದರ ಕಾರಣಗಳನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟರು: ಕುಡುಕತನಕ್ಕೆ 17 ಮಂದಿ, ಸುಳ್ಳಾಡುವದಕ್ಕೆ 3, ಜಗಳಕ್ಕೆ 3, ಸೋಮಾರಿತನಕ್ಕೆ 1, ಹೆಂಡತಿಯನ್ನು ಹೊಡೆದದ್ದಕ್ಕೆ 1, ಬರೀ ಅಲಕ್ಷ್ಯಕ್ಕಾಗಿ 29, ಇತ್ಯಾದಿ. ಆ ಪಟ್ಟಿಯನ್ನು ಓದುವಾಗ ನಮಗೆ ಎರಡು ವಿಚಾರಗಳು ಬರುತ್ತವೆ. ಅಲಕ್ಷ್ಯಕ್ಕಾಗಿ ಹೊರಗೆ ಹಾಕುವದಾದರೆ ನಮ್ಮ ಸಭೆಗಳಲ್ಲಿ ಎಷ್ಟು ಮಂದಿ ಉಳಿದಾರು ಎಂಬದು ಒಂದು. ಹೆಂಡತಿಯನ್ನು ಹೊಡೆಯುವವನು ಅಷ್ಟು ದೊಡ್ಡ ಸಂಘದಲ್ಲಿ ಒಬ್ಬನೇ ಇದ್ದನೋ, ಇಲ್ಲವೆ ಒಬ್ಬನ ಮನೆಯ ಬಾಗಲು ಮಾತ್ರ ತೆರೆದಿತ್ತೋ ಎಂಬದು ಇನ್ನೊಂದು.

ನಮ್ಮ ಅಭಿಪ್ರಾಯದಲ್ಲಿ ಆ ವಾಚಕನ ಪ್ರಶ್ನೆಗೆ ಉತ್ತರವು ಫಾಯ್ ಅವರ ಮಾತಿನಲ್ಲಿಯೇ ಅಡಗಿದೆ. ಅವರು ಮೊದಲು ಬಡವರ ಭಾರವನ್ನು ತಮ್ಮ ಚೀಲದ ಮೇಲೆ ಹಾಕಿಕೊಂಡರು. ಬಾಗಲು ತಟ್ಟಿದ್ದು ಆಮೇಲೆ. ಯಾರ ಬಾಕಿಯನ್ನು ತೆರಲು ನಾನು ಸಿದ್ಧನಾಗಿದ್ದೇನೋ ಅವನನ್ನು ಕುರಿತು ಕೇಳುವ ಬಾಧ್ಯತೆಯು ನನಗುಂಟು. ಏನನ್ನೂ ಹೊರದೆ ಕೇಳುವವನು ಬೇಹುಗಾರನು. ಇನ್ನೊಂದನ್ನೂ ಗಮನಿಸಿರಿ. ಫಾಯ್ ಆರಿಸಿಕೊಂಡದ್ದು ಎಲ್ಲರಿಗಿಂತ ಬಡವರನ್ನು. ನಾವೋ ನಂಟರ ಮನೆಗೆ ಹೋಗುತ್ತೇವೆ, ಕಾಫಿ ಕೊಡುವವರ ಮನೆಗೆ ಹೋಗುತ್ತೇವೆ. ಕ್ರಿಸ್‌ಮಸ್ಸಿನಲ್ಲಿ ಹಾಡುತ್ತಾ ಹೋಗುವ ಹುಡುಗರಿಗೂ ಕೂಡ ಯಾವ ಮನೆಯನ್ನು ಬಿಡಬೇಕೆಂಬದು ಚೆನ್ನಾಗಿ ಗೊತ್ತಿದೆ.

ವಾರವಾರವೂ ಬಾಗಲಿಗೆ ಹೋಗುವದರಿಂದ ದೊಡ್ಡ ಕೆಲಸವೇನು ಆದೀತು ಎನ್ನುವವರಿಗೆ ಒಂದು ಮಾತು. ರೋಗಿಗಳಾದ ಬಡವರ ಸಂಕಟವು ಕಣ್ಣಿಗೆ ಬಿದ್ದದ್ದರಿಂದಲೇ 1746ರಲ್ಲಿ ವೆಸ್ಲಿಯವರು ಲಂಡನ್ನಿನಲ್ಲಿ ಔಷಧ ಕೊಡಲಾರಂಭಿಸಿದರು. ಮಾರನೆಯ ದಿನ ಸುಮಾರು 30 ಮಂದಿ ಬಂದರು. ಮೂರು ವಾರಗಳಲ್ಲಿ ಸುಮಾರು 300 ಮಂದಿಯಾದರು. ಬಡ್ಡಿಯ ಬಾಯಿಗೆ ಬಿದ್ದವರನ್ನು ಕಂಡು ಕೈಸಾಲದ ನಿಧಿಯನ್ನೂ ಏರ್ಪಡಿಸಿದರು. ಒಬ್ಬನಿಗೆ ಇಪ್ಪತ್ತು ಶಿಲ್ಲಿಂಗಿಗೆ ಹೆಚ್ಚಿಲ್ಲದಂತೆ ಕೊಟ್ಟು ಮೂರು ತಿಂಗಳೊಳಗೆ ತಿರುಗಿ ತೆಗೆದುಕೊಳ್ಳುವದು. ಆ ಅಲ್ಪ ಹಣದಿಂದ ಒಂದು ವರುಷದಲ್ಲಿ ಸುಮಾರು 250 ಮಂದಿಗೆ ಸಹಾಯವಾಯಿತು. ವಾರದ ಕಂತಿನ ಸಾಲದವರು ಬಾಗಲಲ್ಲಿ ಬಂದು ಕೂತಿರುವಾಗ ಒಳಗೆ ಅಡಗಿಕೊಂಡ ತಾಯಂದಿರನ್ನು ನಮ್ಮ ಓಣಿಗಳಲ್ಲಿ ನಾವು ಬಲ್ಲೆವು. ಸಾಲದವನು ವಾರವಾರವೂ ತಪ್ಪದೆ ಬರುತ್ತಾನೆ, ಸಭೆಯವರು ಬರುವದಿಲ್ಲ.

ನಮ್ಮ ಸೀಮೆಯಲ್ಲಿ ಈ ವಾಡಿಕೆಯು ಯಾಕೆ ಬಲಗೊಳ್ಳಲಿಲ್ಲ? ವೆಸ್ಲಿಯನ್ ಮಿಷನರಿಗಳು 1821ರಲ್ಲಿ ಬೆಂಗಳೂರಿಗೆ ಬಂದರು. 1837ರಲ್ಲಿ ಗುಬ್ಬಿಯಲ್ಲಿ ಕನ್ನಡಿಗರ ನಡುವೆ ಠಾಣೆ ಹಾಕಿದರು. ಅಮೇರಿಕದ ಮೆಥಡಿಸ್ಟರು ಬೀದರ, ಕೋಲಾರ ಮೊದಲಾದ ಕಡೆಗಳಲ್ಲಿ ದುಡಿದರು. ಉಪದೇಶಿಗಳೂ ಬೈಬಲ್ ಸ್ತ್ರೀಯರೂ ಬಿಸಿಲಲ್ಲಿ ಹಳ್ಳಿಹಳ್ಳಿಗೆ ನಡೆದರು. ಅವರ ಪ್ರಯಾಸವನ್ನು ನಾವು ಕೃತಜ್ಞತೆಯಿಂದ ನೆನಸುತ್ತೇವೆ. ಆದರೂ ಹೇಳಲೇಬೇಕಾದದ್ದೇನಂದರೆ, ಆ ಒಳ್ಳೇ ಕೆಲಸದೊಳಗೆ ಒಂದು ದೋಷದ ಬೀಜವೂ ಬಿತ್ತು. ಶಾಲೆಯೂ ಆಸ್ಪತ್ರೆಯೂ ಉಪದೇಶಿಯ ಸಂಬಳವೂ ಹೊರಗಿಂದ ಬಂದದ್ದರಿಂದ, ಸೇವೆಯೆಂಬದು ಸಂಬಳದವರ ಕೆಲಸವೆಂದು ನಮ್ಮ ಹಿರಿಯರು ಎಣಿಸಿದರು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಸೇರಿದವು. ಬೀದರ, ಕೋಲಾರಗಳ ಸಭೆಗಳು 1981ರಿಂದ ಸ್ವತಂತ್ರವಾದ ಭಾರತದ ಮೆಥಡಿಸ್ಟ್ ಸಭೆಗೆ ಸೇರಿವೆ. ಆಡಳಿತವು ನಮ್ಮ ಕೈಗೆ ಬಂತು. ಎಣಿಕೆಯು ಮಾತ್ರ ಹಿಂದಿನಂತೆಯೇ ಇದೆ: ರೋಗಿಯನ್ನು ನೋಡುವದಕ್ಕೆ ಅಯ್ಯನವರು ಬರಬೇಕು, ಜಗಳವನ್ನು ಬಿಡಿಸುವದಕ್ಕೆ ಅಯ್ಯನವರು ಬರಬೇಕು, ಅವರಿಗೋ ಐದಾರು ಊರುಗಳು.

ದೀಕ್ಷೆಯಿಲ್ಲದೆ ನಾವೇನು ಮಾಡಬಲ್ಲೆವು ಎಂದು ಹಿಂಜರಿಯುವವರು ವೆಸ್ಲಿಯವರ ತಾಯಿ ಸುಸನ್ನಳನ್ನು ನೆನಸಲಿ. 1712ರಲ್ಲಿ ಗಂಡನು ಲಂಡನ್ನಿನಲ್ಲಿದ್ದಾಗ ಆಕೆ ಎಪ್ವರ್ತ್ ಊರಿನ ತನ್ನ ಮನೆಯಲ್ಲಿ ಮಕ್ಕಳಿಗೆ ಪ್ರಸಂಗವನ್ನು ಓದಿ ಹೇಳುತ್ತಿದ್ದಳು. ಆಳು ಬಂದು ಕೇಳಿದನು, ನೆರೆಯವರು ಬಂದರು, ಕಡೆಗೆ ಇನ್ನೂರಕ್ಕೆ ಮಿಕ್ಕಿ ಜನ ಕೂಡಿದರು. ಸಹಾಯಕ ಬೋಧಕನು ಗಂಡನಿಗೆ ದೂರು ಬರೆದನು, ಆಕೆಯು ನಿಲ್ಲಿಸಲಿಲ್ಲ. ಜಾನನಿಗೆ ಆಗ ಎಂಟು ಒಂಭತ್ತು ವಯಸ್ಸು.

ಆ ವಿಧವೆಯ ವಿಷಯವಾಗಿ ನಾವು ಕಡೆಗೆ ಆ ಸಭೆಯ ಹಿರಿಯರಿಗೆ ಕಾಗದ ಬರೆದೆವು. ಬರೆಯುವದಕ್ಕೂ ನಮಗೆ ಎರಡು ತಿಂಗಳು ಹಿಡಿಯಿತೆಂದು ನಾಚಿಕೆಯಿಂದ ಹೇಳುತ್ತೇವೆ. ಕಾಗದವನ್ನು ಯೌವನಸ್ಥರ ಕೂಟದ ಇಬ್ಬರು ಹುಡುಗಿಯರು ಆಕೆಯ ಮನೆಗೆ ತೆಗೆದುಕೊಂಡು ಹೋಗಿ ಓದಿದರಂತೆ. ಆಕೆಯು ಅಂಗಳದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಒಂದು ವರುಷದಿಂದ ಮಲಗಿದಲ್ಲೇ ಇದ್ದಳು. ಪುಸ್ತಕದಲ್ಲಿ ನನ್ನ ಹೆಸರು ಇನ್ನೂ ಉಂಟೇ ಅವ್ವಾ ಎಂದು ಕೇಳಿದಳಂತೆ. ಉಂಟು ಎಂದು ಹೇಳಿ ಬಂದರು. ಈಗ ಬೋಧಕರು ತಿಂಗಳಿಗೊಂದಾವರ್ತಿ ಕರ್ತನ ಭೋಜನವನ್ನು ಆ ಮನೆಗೆ ತೆಗೆದುಕೊಂಡು ಹೋಗುತ್ತಾರೆ. ಉಳಿದ ಮೂರು ವಾರ ಯಾರು ಹೋಗತಕ್ಕದ್ದು ಎಂಬದು ಇನ್ನೂ ನಿಶ್ಚಯವಾಗಿಲ್ಲವೆಂದು ಹಿರಿಯರು ಬರೆದಿದ್ದಾರೆ.